ಪ್ರಶ್ನೆ–ಉತ್ತರ: ಮಕ್ಕಳು ಊರಿನ ಇತಿಹಾಸವನ್ನು ಹುಡುಕುವ ಬಗೆ

ಸಮಾಜ ವಿಜ್ಞಾನದ ಪ್ರಾಜೆಕ್ಟ್‌ಗಳನ್ನು ಒಪ್ಪಿಸುವ ದಿನ ಹತ್ತಿರವಾಗಿರುವುದರಿಂದ, ಈ ಬಾರಿ ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಕುರಿತಾಗಿವೆ. ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸಂಬಂಧಿಸಿದ ನಾಲ್ಕು ಪತ್ರಗಳನ್ನು ಆರಿಸಿಕೊಂಡು, ಈ ಭಾಗದ ಶಾಲೆಗಳಲ್ಲಿ ಇದೇ ವಿಷಯವನ್ನು ಬಹುಕಾಲ ಕಲಿಸಿದ ಅನುಭವದಿಂದ ಉತ್ತರಿಸಿದ್ದೇನೆ.

ಪ್ರಶ್ನೆ: ನನ್ನ ಮಗಳು 7ನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ‘ನಮ್ಮ ಜಿಲ್ಲೆಯ ಇತಿಹಾಸ’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದಾರೆ. ಸೈಬರ್ ಸೆಂಟರ್‌ನಲ್ಲಿ ಚಿತ್ರಗಳನ್ನು ಪ್ರಿಂಟ್ ಹಾಕಿಸಿ ಅಂಟಿಸಿದ್ದಾಳೆ, ಮೊಬೈಲಿನಲ್ಲಿ ಸಿಕ್ಕಿದ್ದನ್ನು ನೋಡಿಕೊಂಡು ಬರೆದಿದ್ದಾಳೆ. ಬರೆದದ್ದನ್ನು ವಿವರಿಸು ಎಂದರೆ ಒಂದು ಸಾಲನ್ನೂ ವಿವರಿಸಲಾರಳು. ನಾನು ಹತ್ತನೆಯ ತರಗತಿಯವರೆಗೆ ಮಾತ್ರ ಓದಿದವಳು. ಹೇಗೆ ಸಹಾಯ ಮಾಡಲಿ?
— ಒಬ್ಬ ತಾಯಿ, ಚಿಂತಾಮಣಿ ತಾಲ್ಲೂಕು

ಉತ್ತರ: ಮಗಳ ಬರಹವನ್ನು ಓದಿ, ಅದರ ಅರ್ಥವನ್ನು ಕೇಳಿದಿರಲ್ಲ, ತಾಯಿ, ದೊಡ್ಡ ಸಹಾಯವನ್ನು ಆಗಲೇ ಮಾಡಿದ್ದೀರಿ. ಇಲ್ಲಿ ತಪ್ಪು ಮಗುವಿನದಲ್ಲ, ವಿಷಯದ ಗಾತ್ರದ್ದು. ಗಂಗರು ಕುವಲಾಲವೆಂದು ಕರೆದ ಕೋಲಾರದಿಂದ ಹಿಡಿದು ನೊಳಂಬರು, ಚೋಳರು, ವಿಜಯನಗರದವರು, ಪಾಳೆಯಗಾರರು, ಹೈದರಾಲಿಯವರೆಗಿನ ಸಾವಿರದ ಐನೂರು ವರ್ಷಗಳನ್ನು ಹನ್ನೆರಡು ವರ್ಷದ ಮಗು ಹತ್ತು ಪುಟಗಳಲ್ಲಿ ಬರೆಯಬೇಕೆಂದರೆ ನಕಲು ಮಾಡದೆ ಬೇರೆ ದಾರಿಯೇ ಇರುವುದಿಲ್ಲ. ಅದರ ಮೇಲೆ ನಿಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರ್ಪಟ್ಟು ಹುಟ್ಟಿದ್ದೇ 2007ರಲ್ಲಿ. ‘ಜಿಲ್ಲೆಯ ಇತಿಹಾಸ’ ಎಂದರೆ ಎಲ್ಲಿಂದ ಆರಂಭಿಸಬೇಕೆಂಬುದೇ ಒಂದು ಪ್ರಶ್ನೆ.

ಆದ್ದರಿಂದ ಶಿಕ್ಷಕರನ್ನು ಕಂಡು, ವಿಷಯವನ್ನು ಸಣ್ಣದು ಮಾಡಿಕೊಳ್ಳಲು ಅನುಮತಿ ಕೇಳಿ. ನನ್ನನ್ನು ಕೇಳಿದರೆ ನಿಮ್ಮ ಊರಿನ ಕೆರೆಯೊಂದೇ ಸಾಕು. ‘ನಮ್ಮ ಊರಿನ ಕೆರೆಯನ್ನು ಯಾರು ನೋಡಿಕೊಳ್ಳುತ್ತಿದ್ದರು, ಈಗ ಯಾರು ನೋಡಿಕೊಳ್ಳುತ್ತಿದ್ದಾರೆ?’ ಎಂಬ ಒಂದೇ ಪ್ರಶ್ನೆಯನ್ನು ಮಗಳು ನೋಟ್ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಳ್ಳಲಿ. ಒಂದು ಭಾನುವಾರ ಬೆಳಿಗ್ಗೆ ಅವಳನ್ನು ಕೆರೆಯ ಏರಿಯ ಮೇಲೆ ಕರೆದುಕೊಂಡು ಹೋಗಿ. ತೂಬು ಎಲ್ಲಿದೆ, ಅದರ ಎರಡು ಕಲ್ಲುಕಂಬಗಳು ಇನ್ನೂ ನಿಂತಿವೆಯೇ, ಕೋಡಿ ಯಾವ ಕಡೆಗೆ ಬೀಳುತ್ತದೆ, ಏರಿಯ ಮೇಲೆ ಯಾವ ದೇವರ ಗುಡಿಯಿದೆ ಎಂಬುದನ್ನು ಅವಳೇ ನೋಡಿ ಒಂದು ನಕ್ಷೆ ಬರೆಯಲಿ. ಅಲ್ಲಿಂದ ನೇರವಾಗಿ ನೀರಗಂಟಿಯ ಮನೆಗೆ ಹೋಗಿ. ಈಗ ಆ ಕೆಲಸವಿಲ್ಲದಿದ್ದರೂ, ಹಿಂದೆ ತೂಬನ್ನು ತೆರೆದು ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕೆಂದು ನಿರ್ಧರಿಸುತ್ತಿದ್ದ ಮನೆತನ ಯಾವುದೆಂದು ಊರಿನ ಹಿರಿಯರು ಹೇಳಬಲ್ಲರು. ಅವರಿಗೆ ಕೂಲಿಯಾಗಿ ಏನು ಕೊಡುತ್ತಿದ್ದರು, ಸುಗ್ಗಿಯಲ್ಲಿ ಎಷ್ಟು ಕಾಳು ಅಳೆಯುತ್ತಿದ್ದರು ಎಂದು ಮಗಳು ಕೇಳಲಿ. ಈ ಉತ್ತರ ಯಾವ ಮೊಬೈಲಿನಲ್ಲಿಯೂ ಸಿಗುವುದಿಲ್ಲ.

ಇನ್ನು ಬರಹದ ಸಾಕ್ಷ್ಯ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಸಂಪುಟಗಳಲ್ಲಿ ಪ್ರಕಟಿಸಿದರು. ಅವುಗಳಲ್ಲಿ 1905ರಲ್ಲಿ ಹೊರಬಂದ 10ನೆಯ ಸಂಪುಟ ಕೋಲಾರ ಜಿಲ್ಲೆಯದು. ಆಗ ಜಿಲ್ಲೆ ಒಂದೇ ಆಗಿದ್ದುದರಿಂದ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಬಾಗೇಪಲ್ಲಿ ಕಡೆಯ ಶಾಸನಗಳೂ ಅದರಲ್ಲಿಯೇ ತಾಲ್ಲೂಕುವಾರು ಇವೆ. ಸ್ಕ್ಯಾನ್ ಮಾಡಿದ ಪ್ರತಿ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಮೊಬೈಲನ್ನು ಇಂಥದಕ್ಕೆ ಬಳಸಿದರೆ ಅದು ಒಳ್ಳೆಯ ಸಾಧನವೇ. ಒಂದು ಎಚ್ಚರಿಕೆಯಿರಲಿ: ಆ ಪುಸ್ತಕದಲ್ಲಿ ಹೆಸರುಗಳು ಅಂದಿನವು. ಬಂಗಾರಪೇಟೆಯನ್ನು ಹುಡುಕಿದರೆ ಸಿಗುವುದಿಲ್ಲ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್ ಅವರ ಹೆಸರಿನಲ್ಲಿ ಅದು ಬೌರಿಂಗ್‌ಪೇಟೆಯೆಂದು ಅಲ್ಲಿದೆ. ನಿಮ್ಮ ಊರಿನ ಶಾಸನ ಸಿಗದಿದ್ದರೂ ಪಕ್ಕದ ಊರಿನದು ಸಿಗಬಹುದು. ನಮ್ಮ ಸೀಮೆಯ ಶಾಸನಗಳಲ್ಲಿ ‘ಕಟ್ಟುಕೊಡಗೆ’ ಎಂಬ ಮಾತು ಕಂಡರೆ ಮಗಳು ಅದನ್ನು ಗುರುತು ಹಾಕಿಕೊಳ್ಳಲಿ. ಕೆರೆಯನ್ನು ಕಟ್ಟಿಸಿದವರಿಗೆ ಅಥವಾ ದುರಸ್ತಿ ಮಾಡಿಸಿದವರಿಗೆ ಆ ಕೆರೆಯ ಕೆಳಗಿನ ಜಮೀನಿನಲ್ಲಿ ಒಂದು ಪಾಲನ್ನು ಬಿಟ್ಟುಕೊಡುತ್ತಿದ್ದ ಕ್ರಮ ಅದು. ನೀರಗಂಟಿಯ ಮನೆಯಲ್ಲಿ ಕೇಳಿದ ಮಾತಿಗೂ ಶತಮಾನಗಳ ಹಿಂದಿನ ಕಲ್ಲಿನ ಮೇಲಿನ ಮಾತಿಗೂ ಇರುವ ನಂಟು ಅವಳಿಗೆ ಅಲ್ಲಿ ತಾನಾಗಿಯೇ ಕಾಣುತ್ತದೆ.

ಕೊನೆಯದಾಗಿ ಕೆರೆಯ ಸರ್ವೆ ನಂಬರಿನ ಪಹಣಿಯನ್ನು ತೆಗೆಸಿ, ಅದರಲ್ಲಿರುವ ವಿಸ್ತೀರ್ಣವನ್ನು ಈಗ ಕಣ್ಣಿಗೆ ಕಾಣುವ ಕೆರೆಯೊಂದಿಗೆ ಹೋಲಿಸಿ ನೋಡಲಿ. ಅಷ್ಟು ಮಾಡಿದರೆ ಬಣ್ಣದ ಚಿತ್ರ ಒಂದೂ ಇಲ್ಲದಿದ್ದರೂ ಅದು ಪೂರ್ಣ ಅಂಕಕ್ಕೆ ಯೋಗ್ಯವಾದ ಕೆಲಸ. ಚಾರ್ಟಿನ ಅಂದವನ್ನೂ ಥರ್ಮಾಕೋಲ್ ಮಾದರಿಯನ್ನೂ ನೋಡಿ ಅಂಕ ಕೊಡುವ ರೂಢಿ ನಮ್ಮಲ್ಲಿ ಬೆಳೆದಿರುವುದು ನನಗೆ ನೋವಿನ ಸಂಗತಿ. ಅವುಗಳಿಗೆ ತಂದೆತಾಯಂದಿರ ದುಡ್ಡು ಹೋಗುತ್ತದೆ, ಮಗುವಿಗೆ ದಕ್ಕುವುದು ಏನೂ ಇಲ್ಲ.

ಪ್ರಶ್ನೆ: ನಾನು 8ನೆಯ ತರಗತಿ. ವಿದುರಾಶ್ವತ್ಥದ ಗೋಲೀಬಾರಿನ ಬಗ್ಗೆ ಬರೆಯುತ್ತಿದ್ದೇನೆ. ಒಂದು ಪುಸ್ತಕದಲ್ಲಿ ಸತ್ತವರು 10 ಜನ ಎಂದಿದೆ, ಇನ್ನೊಂದರಲ್ಲಿ 32 ಎಂದಿದೆ. ಯಾವುದು ಸರಿ? ತಪ್ಪು ಬರೆದರೆ ಅಂಕ ಹೋಗುತ್ತದೆ.
— ವಿದ್ಯಾರ್ಥಿ, ಗೌರಿಬಿದನೂರು ತಾಲ್ಲೂಕು

ಉತ್ತರ: ಎರಡು ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದ್ದರಿಂದಲೇ ನಿನಗೆ ಈ ಸಂದೇಹ ಬಂದಿದೆ, ಮಗು. ಒಂದನ್ನೇ ಓದಿದ್ದರೆ ಬರುತ್ತಿರಲಿಲ್ಲ. ಎರಡೂ ಸಂಖ್ಯೆಗಳನ್ನು ಬರೆ. ಆದರೆ ಪ್ರತಿಯೊಂದರ ಎದುರಿಗೂ ಅದನ್ನು ಹೇಳಿದವರು ಯಾರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು ಎಂಬ ಮೂರು ಮಾತುಗಳನ್ನು ಸೇರಿಸು.

ಹಿನ್ನೆಲೆಯನ್ನು ಮೊದಲು ಸರಿಯಾಗಿ ತಿಳಿದುಕೊ. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನವರು ನಿಷೇಧವನ್ನು ಮೀರಿ ಧ್ವಜ ಹಾರಿಸಿದರು. ಅದೇ ತಿಂಗಳ 25ರಂದು, ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸುತ್ತಲಿನ ಹಳ್ಳಿಗಳಿಂದ ಬಂದವರು ಅವರು. ಸುದ್ದಿ ದೇಶವನ್ನೆಲ್ಲ ಮುಟ್ಟಿತು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಂದಿಗೆ ಮಾತುಕತೆ ನಡೆಸಿದ ಮೇಲೆ, ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ಸಿನ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು. ಘಟನೆಯನ್ನು ವಿಚಾರಿಸಲು ಸಂಸ್ಥಾನದ ಸರ್ಕಾರ ವೇಪ ರಾಮೇಶಂ ಅವರ ಸಮಿತಿಯನ್ನು ನೇಮಿಸಿತು.

ಈಗ ನಿನ್ನ ಎರಡು ಸಂಖ್ಯೆಗಳನ್ನು ನೋಡು. ಸುಮಾರು ಹತ್ತು ಎಂಬುದು ಸರ್ಕಾರದ ಕಡೆಯ ಲೆಕ್ಕ. ಮೂವತ್ತೆರಡು ಎಂಬುದು ಹೋರಾಟದ ಕಡೆಯಿಂದಲೂ ಊರವರ ನೆನಪಿನಿಂದಲೂ ಬಂದದ್ದು. ಗುಂಡು ಹಾರಿಸಿದ ಕಡೆಯವರಿಗೆ ಸಂಖ್ಯೆ ಕಡಿಮೆಯಿರುವುದು ಬೇಕಾಗಿತ್ತೇ? ಹೆಣವನ್ನು ಯಾರಿಗೂ ತಿಳಿಸದೆ ಊರಿಗೆ ಹೊತ್ತುಕೊಂಡು ಹೋದವರು, ಗಾಯಗೊಂಡು ತಿಂಗಳ ನಂತರ ಮನೆಯಲ್ಲಿ ಸತ್ತವರು ಸರ್ಕಾರದ ಲೆಕ್ಕಕ್ಕೆ ಸೇರುವ ಸಂಭವವಿತ್ತೇ? ಕಾಲ ಕಳೆದಂತೆ ಜನರ ನೆನಪಿನಲ್ಲಿ ಸಂಖ್ಯೆ ಬೆಳೆಯುವುದೂ ಉಂಟೇ? ಈ ಮೂರು ಪ್ರಶ್ನೆಗಳನ್ನು ನಿನ್ನ ಪ್ರಾಜೆಕ್ಟಿನಲ್ಲಿಯೇ ಬರೆದು, ನಿನಗೆ ಯಾವುದು ಹೆಚ್ಚು ನಂಬಿಕೆಗೆ ಅರ್ಹವೆಂದು ತೋರುತ್ತದೋ ಅದನ್ನು ಕಾರಣ ಸಹಿತ ಹೇಳು. ಕಾರಣ ಕೊಟ್ಟ ವಿದ್ಯಾರ್ಥಿಯ ಅಂಕ ಕಳೆಯುವುದು ಸಲ್ಲದು. ನಿನ್ನ ಶಿಕ್ಷಕರಿಗೆ ಬೇಕಾದರೆ ಈ ಪುಟವನ್ನು ತೋರಿಸು.

ಸ್ಥಳಕ್ಕೆ ಹೋಗಿ ಸ್ಮಾರಕವನ್ನು ನೋಡಿಕೊಂಡು ಬಾ. ಅಲ್ಲಿ ಮಾತನಾಡಿಸುವ ಹಿರಿಯರು ಆ ದಿನವನ್ನು ಕಣ್ಣಾರೆ ಕಂಡವರಾಗಿರುವುದು ಈಗ ಬಹಳ ಕಷ್ಟ. 1938ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ನೂರರ ಹತ್ತಿರ ವಯಸ್ಸು. ಹಾಗಾಗಿ ‘ನಮ್ಮಪ್ಪ ಹೇಳುತ್ತಿದ್ದರು’, ‘ನಮ್ಮಜ್ಜಿ ಅಂದಿದ್ದರು’ ಎಂಬ ಮಾತು ಕೇಳಿದರೆ ಅದನ್ನು ಹಾಗೆಯೇ, ಕೇಳಿದ ನೆನಪು ಎಂದು ಬರೆ. ಹಾಗೆಂದು ಅದು ಕಡಿಮೆ ಬೆಲೆಯದಲ್ಲ. ಊರು ಆ ದಿನವನ್ನು ಹೇಗೆ ನೆನಪಿಟ್ಟುಕೊಂಡಿದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷ್ಯವಿಲ್ಲ. ವಿದುರನು ಅಲ್ಲಿ ಅಶ್ವತ್ಥವನ್ನು ನೆಟ್ಟನೆಂಬ ಸ್ಥಳಪುರಾಣವನ್ನೂ ನಿನಗೆ ಹೇಳುತ್ತಾರೆ. ಅದನ್ನೂ ಗೌರವದಿಂದ ಬರೆದುಕೊ, ಆದರೆ 1938ರ ಸಂಗತಿಗಳ ಜೊತೆ ಬೆರೆಸದೆ ಬೇರೆ ಪುಟದಲ್ಲಿ ಬರೆ.

ಪ್ರಶ್ನೆ: ನಮ್ಮ ಶಾಲೆಯ ಬಹುಪಾಲು ಮಕ್ಕಳ ಮನೆಮಾತು ತೆಲುಗು. ಹಿರಿಯರನ್ನು ಸಂದರ್ಶಿಸಿ ಬನ್ನಿ ಎಂದರೆ, ಅವರು ತೆಲುಗಿನಲ್ಲಿ ಹೇಳಿದ್ದನ್ನು ಮಕ್ಕಳು ಪಠ್ಯಪುಸ್ತಕದ ಕನ್ನಡದಲ್ಲಿ ಎರಡು ಸಾಲಿಗೆ ಇಳಿಸಿ ತರುತ್ತಾರೆ. ಇಸವಿಗಳಂತೂ ಸಿಗುವುದೇ ಇಲ್ಲ. ಏನು ಮಾಡುವುದು?
— ಸಮಾಜ ವಿಜ್ಞಾನ ಶಿಕ್ಷಕಿ, ಶ್ರೀನಿವಾಸಪುರ ತಾಲ್ಲೂಕು

ಉತ್ತರ: ಮೇಡಂ, ಮಕ್ಕಳು ಕೇಳಿದ ಮಾತನ್ನು ಕೇಳಿದ ಹಾಗೆಯೇ, ತೆಲುಗಿನಲ್ಲಿಯೇ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲು ಬಿಡಿ. ಅದರ ಕೆಳಗೆ ಕನ್ನಡದ ಅರ್ಥವನ್ನು ಬರೆಯಲಿ. ಅಜ್ಜಿ ‘ಕರುವು’ ಎಂದದ್ದನ್ನು ಮಗು ‘ಬರಗಾಲ’ ಎಂದು ತಾನೇ ಅನುವಾದಿಸುವಾಗ ಪಾಠ ನಡೆದೇ ಹೋಗಿರುತ್ತದೆ. ಎರಡು ಭಾಷೆ ಬಲ್ಲ ಮಗುವಿಗೆ ಈ ಕೆಲಸದಲ್ಲಿ ಅನುಕೂಲವೇ ಹೆಚ್ಚು. ಆ ಮಾತನ್ನು ತರಗತಿಯಲ್ಲಿ ಎಲ್ಲರ ಮುಂದೆ ಹೇಳಿ, ಮನೆಮಾತಿನ ಬಗ್ಗೆ ಅಂಜಿಕೆಯಿರುವ ಮಕ್ಕಳು ಬಹಳ.

ಇಸವಿಯ ವಿಷಯದಲ್ಲಿ ಒಂದು ಘಟನೆ ನೆನಪಾಗುತ್ತದೆ. ನನ್ನ ಬಳಿ ಓದುತ್ತಿದ್ದ ಹುಡುಗಿಯೊಬ್ಬಳು, ಊರಿನ ಸೇದುವ ಬಾವಿ ಯಾವಾಗ ಬತ್ತಿತೆಂದು ತನ್ನ ಅಜ್ಜಿಯನ್ನು ಕೇಳಿ, ‘ಗೊತ್ತಿಲ್ಲ’ ಎಂದು ಬರೆದು ತಂದಳು. ಮತ್ತೊಮ್ಮೆ ಹೋಗಿ, ‘ಆಗ ಮನೆಯಲ್ಲಿ ಯಾರು ಯಾರು ಇದ್ದರು?’ ಎಂದು ಕೇಳಲು ಹೇಳಿದೆ. ಅಜ್ಜಿ ಒಂದೇ ಉಸಿರಿನಲ್ಲಿ, ‘ನಿಮ್ಮ ಚಿಕ್ಕಪ್ಪ ಹೊಟ್ಟೆಯಲ್ಲಿದ್ದಾಗ, ಬಿಂದಿಗೆ ಹೊತ್ತು ತೋಟದ ಬೋರ್‌ವೆಲ್ಲಿಗೆ ಹೋಗುತ್ತಿದ್ದೆ’ ಎಂದರಂತೆ. ಚಿಕ್ಕಪ್ಪನ ಶಾಲೆಯ ಟಿ.ಸಿ.ಯಲ್ಲಿ ಹುಟ್ಟಿದ ವರ್ಷವಿತ್ತು, ಬಾವಿ ಬತ್ತಿದ ವರ್ಷವೂ ಸಿಕ್ಕಿತು. ಹಿರಿಯರ ಆಧಾರ್ ಕಾರ್ಡಿನಲ್ಲಿ ಜನವರಿ 1 ಎಂಬ ಜನ್ಮದಿನ ಕಂಡರೆ ಮಾತ್ರ ಎಚ್ಚರಿಕೆಯಿರಲಿ, ಅದು ಹೆಚ್ಚಿನ ಸಲ ಅಂದಾಜಿನಿಂದ ಬರೆಸಿದ್ದಾಗಿರುತ್ತದೆ.

ತರಗತಿಯ ಗೋಡೆಯ ಮೇಲೆ ಹಿರಿಯರಿಗೆ ನೆನಪಿರುವ ಕೆಲವು ಗುರುತಿನ ವರ್ಷಗಳನ್ನು ಬರೆದು ಹಾಕಿ: 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು, 1975ರ ತುರ್ತು ಪರಿಸ್ಥಿತಿ, 1984ರಲ್ಲಿ ಇಂದಿರಾ ಗಾಂಧಿಯವರ ಹತ್ಯೆ, 2001ರ ಫೆಬ್ರವರಿಯಲ್ಲಿ ಕೆ.ಜಿ.ಎಫ್. ಗಣಿ ಮುಚ್ಚಿದ್ದು. ‘ಅದಕ್ಕೆ ಮುಂಚೆಯೋ, ಆಮೇಲೋ?’ ಎಂದು ಕೇಳಿದರೆ ಉತ್ತರ ಬರುತ್ತದೆ.

ಪ್ರಶ್ನೆ: ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು 1860ರಲ್ಲೋ 1861ರಲ್ಲೋ? ನಮ್ಮ ಗುಂಪಿನಲ್ಲಿ ಜಗಳವಾಗಿದೆ.
— 6ನೆಯ ತರಗತಿಯ ಮಕ್ಕಳು, ಚಿಕ್ಕಬಳ್ಳಾಪುರ

ಉತ್ತರ: ದಿನಾಂಕ ಸೆಪ್ಟೆಂಬರ್ 15 ಎಂಬುದರಲ್ಲಿ ವಿವಾದವಿಲ್ಲ, ವರ್ಷ ಮಾತ್ರ ಪುಸ್ತಕಗಳಲ್ಲಿ ಎರಡು ರೀತಿಯಲ್ಲಿದೆ. ನಿಮಗೊಂದು ಸುಳಿವು ಕೊಡುತ್ತೇನೆ. ಅವರ ಶತಮಾನೋತ್ಸವದ ಅಂಚೆ ಚೀಟಿ ಅವರು ಬದುಕಿದ್ದಾಗಲೇ, 1960ರಲ್ಲಿ ಹೊರಬಂತು. ಅದು ನೂರು ವರ್ಷ ತುಂಬಿದ್ದಕ್ಕೆ ಹೊರಟದ್ದಾದರೆ ಹುಟ್ಟಿದ ವರ್ಷ ಯಾವುದಾಗುತ್ತದೆ? ನೂರನೆಯ ವರ್ಷಕ್ಕೆ ಕಾಲಿಟ್ಟದ್ದಕ್ಕೆ ಹೊರಟದ್ದಾದರೆ ಯಾವುದಾಗುತ್ತದೆ? ಎರಡು ಲೆಕ್ಕಗಳನ್ನೂ ಮಾಡಿ, ಮುದ್ದೇನಹಳ್ಳಿಯಲ್ಲಿರುವ ಅವರ ಸ್ಮಾರಕಕ್ಕೆ ಹೋಗಿ ಅಲ್ಲಿ ಏನೆಂದು ಬರೆದಿದೆಯೋ ನೋಡಿಕೊಂಡು ಬನ್ನಿ, ಗುಂಪಿನ ಎರಡೂ ಪಕ್ಷದವರು ಒಟ್ಟಿಗೇ ಹೋಗಿ. ಕಂಡದ್ದನ್ನು ನನಗೆ ಪತ್ರ ಬರೆದು ತಿಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇನೆ.