ರೇಡಿಯೇಷನ್ ದಿನ ಕಮ್ಮಿಯಾದರೆ ಗುಣ ಕಮ್ಮಿಯಾ?

ಪ್ರಶ್ನೆ: ಅಮ್ಮನಿಗೆ ಸ್ತನ ಕ್ಯಾನ್ಸರ್, ಆಪರೇಷನ್ ಆಗಿದೆ. ಪಕ್ಕದ ಮನೆಯವರಿಗೆ 25 ಸಲ ರೇಡಿಯೇಷನ್ ಕೊಟ್ಟಿದ್ದರು, ಅಮ್ಮನಿಗೆ 15 ಸಾಕಂತೆ. ದುಡ್ಡಿಲ್ಲ ಅಂತ ಕಮ್ಮಿ ಮಾಡಿದರಾ?
– ಓದುಗರು, ಹಾಸನ

ಉತ್ತರ: ಅಯ್ಯೋ, ಹಾಗೇನಿಲ್ಲ. ದಿನದ ಡೋಸ್ ಸ್ವಲ್ಪ ಜಾಸ್ತಿ ಮಾಡಿ 5 ವಾರದ್ದನ್ನು 3 ವಾರಕ್ಕೆ ಮುಗಿಸುತ್ತಾರೆ, ಗುಣ ಅಷ್ಟೇ ಅಂತ ದೊಡ್ಡ ದೊಡ್ಡ ಪರೀಕ್ಷೆಗಳಲ್ಲೇ ಗೊತ್ತಾಗಿದೆ. ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಬಿಲ್ಲಿನಲ್ಲಲ್ಲ. ಬಸ್ ಚಾರ್ಜು, ರೂಮಿನ ಬಾಡಿಗೆ, ಜೊತೆಗೆ ಬರುವವರ ಕೂಲಿ ಉಳಿಯುತ್ತಲ್ಲ, ಅದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರ) 30% ಮಾತ್ರ ಸರ್ಕಾರ ಕೊಡುತ್ತದೆ. ಶುರುವಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು (ಈ ಯೋಜನೆಯ ಸಹಾಯಕ್ಕೆ ಅಲ್ಲಿರುವವರು) ನೋಡಿ. ಹಾಂ, ರೇಡಿಯೇಷನ್ ಎಲ್ಲಿಗೆ ಬೀಳಬೇಕು ಅಂತ ಎದೆ ಮೇಲೆ ಪೆನ್ನಲ್ಲಿ ಹಾಕಿದ ಗುರುತನ್ನು ಸೋಪು ಹಾಕಿ ಉಜ್ಜಬೇಡಿ ಅನ್ನಿ ಅಮ್ಮನಿಗೆ.