ಸತ್ತ ಹಸುಗೆ ಉಣುಗಿನ ಕಾಯಿಲೆನೇ ಇತ್ತಾ, ಗೊತ್ತಾಗೋದು ಹೇಗೆ?

ಪ್ರಶ್ನೆ: ಸರ್, ನಮ್ದು ಚಿಂತಾಮಣಿ ಹತ್ರ. ಎರಡನೇ ಕರು ಹಾಕಿದ್ದ ಎಚ್‌ಎಫ್ ಹಸು ಐದು ದಿನ ಜ್ವರ ಬಂದು, ಹಾಲು ಪೂರ್ತಿ ಇಳಿದು, ಮೊನ್ನೆ ರಾತ್ರಿ ಹೋಗ್ಬಿಡ್ತು. ಹೆಗಲ ಮುಂದೆ ಗಡ್ಡೆ ಊದಿತ್ತು, ಮೈಮೇಲೆ ಉಣುಗು ಜಾಸ್ತಿ. ಒಬ್ರು ಥೈಲೇರಿಯಾ ಅಂತಾರೆ, ಒಬ್ರು ಬಬೇಸಿಯಾ ಅಂತಾರೆ, ಎರಡೂ ಉಣುಗಿಂದ ಹರಡೋ ರಕ್ತದ ಕಾಯಿಲೆನೇ ಅಂತೆ. ಹೂತೂ ಆಯ್ತು. ಸತ್ತ ಮೇಲೆ ಟೆಸ್ಟ್ ಮಾಡಿಸ್ಬೋದಿತ್ತಾ? ಇನ್ನೂ ಮೂರು ಹಸು ಇವೆ.

ಉತ್ತರ: ಮಾಡಿಸ್ಬೋದಿತ್ತು, ಆದ್ರೆ ಬೇಗ. ರಾತ್ರಿ ಸತ್ತ ಹಸು ಬೇಸಿಗೇಲಿ ಮಧ್ಯಾಹ್ನಕ್ಕೆಲ್ಲಾ ಒಳಗೆ ಕೊಳೆಯೋಕೆ ಶುರು ಆಗಿರುತ್ತೆ, ಆಮೇಲೆ ಸ್ಲೈಡ್‌ನಲ್ಲಿ ಕಣಗಳೆಲ್ಲಾ ಒಡೆದು ಏನೂ ಸರಿಯಾಗಿ ಕಾಣಲ್ಲ.

ಒಂದು ಮಾತು ಮೊದ್ಲೇ ಹೇಳ್ಬಿಡ್ತೀನಿ. ಜ್ವರ ಗಿರ ಏನೂ ಇಲ್ದೆ ದಿಢೀರ್ ಸತ್ತು, ಮೂಗು ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬರ್ತಿದ್ರೆ ಕೊಯ್ಯಲೇಬೇಡಿ, ಅದು ನೆರಡಿ, ಅಂದ್ರೆ ಅಂಥ್ರಾಕ್ಸ್ ಇರ್ಬೋದು, ಡಾಕ್ಟ್ರು ಕಿವಿ ರಕ್ತದ ಸ್ಲೈಡ್ ನೋಡೋವರೆಗೂ ಯಾರೂ ಮುಟ್ಬೇಡಿ. ನೆರಡಿಲೂ ಉಣುಗಿನ ಕಾಯಿಲೇಲೂ ಗುಲ್ಮ (ಸ್ಪ್ಲೀನ್) ಊದಿರುತ್ತೆ, ಕೊಯ್ದ್ ಮೇಲೆ ಗೊತ್ತಾಗಿ ಪ್ರಯೋಜನ ಇಲ್ಲ.

ಅದಲ್ಲ ಅಂತಾದ್ರೆ ಕೊಯ್ದು ನೋಡೋದು. ಥೈಲೇರಿಯಾದಲ್ಲಿ ಗಡ್ಡೆಗಳು, ಅಂದ್ರೆ ದುಗ್ಧಗ್ರಂಥಿಗಳು, ಊದಿರುತ್ವೆ, ನಾಲ್ಕನೇ ಹೊಟ್ಟೆ ಒಳಗೆ ಕೆಂಪು ಅಂಚಿನ ಸಣ್ಣ ಸಣ್ಣ ಹುಣ್ಣು, ಶ್ವಾಸಕೋಶದಲ್ಲಿ ನೀರು. ಒಂದ್ಸಲ ಟ್ರ್ಯಾಕ್ಟರ್ ಲೈಟಲ್ಲಿ ಕೊಯ್ದಿದ್ದೆ, ಶ್ವಾಸನಾಳ ಸೀಳಿದ ತಕ್ಷಣ ಆಗಷ್ಟೇ ಕರೆದ ಹಾಲಿನ ನೊರೆ ಥರ ಉಕ್ಕಿ ಬಂತು. ಬಬೇಸಿಯಾ ಆದ್ರೆ ಕಾಮಾಲೆ, ಗಟ್ಟಿ ಪಿತ್ತ, ಮೂತ್ರಕೋಶದಲ್ಲಿ ಡಿಕಾಕ್ಷನ್ ಬಣ್ಣದ ಗಂಜಲ. ನಿಮ್ಮ ಹಸು ಗಂಜಲ ಯಾವ ಬಣ್ಣ ಇತ್ತು ಅಂತ ನೀವು ಬರೆದಿಲ್ಲ, ಅದೊಂದು ಗೊತ್ತಿದ್ರೆ ಅರ್ಧ ಉತ್ತರ ಸಿಗ್ತಿತ್ತು.

ಪಕ್ಕಾ ಆಗೋದು ಸ್ಲೈಡಲ್ಲೇ. ಊದಿದ ಗಡ್ಡೆ ಅಥ್ವಾ ಗುಲ್ಮ ಕತ್ತರಿಸಿ, ಕೊಯ್ದ ಮುಖದ ರಕ್ತನ ಹತ್ತೀಲಿ ಒತ್ತಿ ತೆಗೆದು, ಗಾಜಿಗೆ ಮೆಲ್ಲಗೆ ಮುಟ್ಟಿಸ್ಬೇಕು, ಉಜ್ಜಬಾರ್ದು. ಒಣಗಿಸಿ, ಮೆಥನಾಲಲ್ಲಿ ಅದ್ದಿ, ಜೀಮ್ಸಾ ಬಣ್ಣ ಹಾಕಿ ನೋಡಿದ್ರೆ ಬಿಳಿ ರಕ್ತಕಣದೊಳಗೆ ನೀಲಿ ಮಚ್ಚೆ ಮೇಲೆ ರಾಗಿ ಕಾಳು ಚೆಲ್ಲಿದ ಹಾಗೆ ಕಾಣುತ್ತೆ. ಅದಕ್ಕೆ ಕಾಕ್ಸ್ ಬ್ಲೂ ಬಾಡೀಸ್ ಅಂತಾರೆ. ಕೆಂಪು ಕಣದಲ್ಲಿ ಒಂದೆರಡು ಥೈಲೇರಿಯಾ ಕಂಡ್ರೆ ಸಾವಿಗೆ ಅದೇ ಕಾರಣ ಅನ್ನೋಕಾಗಲ್ಲ, ವಾಸಿಯಾದ ಹಸುನಲ್ಲೂ ತುಂಬಾ ದಿನ ಇರುತ್ತೆ. ಪಿಸಿಆರ್‌ದೂ ಇದೇ ಕಥೆ (ಅದು ರೋಗಾಣುವಿನ ಡಿಎನ್‌ಎ ಹುಡುಕೋ ಲ್ಯಾಬ್ ಟೆಸ್ಟ್), ಪಾಸಿಟಿವ್ ಬಂದ ತಕ್ಷಣ ಮುಗೀತು ಅನ್ಕೋಬೇಡಿ. ಅದಕ್ಕೆ ಕಳ್ಸೋದಾದ್ರೆ ಗುಲ್ಮದ ತುಂಡು ಐಸಲ್ಲಿಟ್ಟು ಕಳ್ಸಿ, ಫಾರ್ಮಲಿನ್‌ಗೆ ಹಾಕ್ಬೇಡಿ.

ಹೂತಿದ್ದನ್ನ ಈಗ ಅಗೆಯೋದೇನೂ ಬೇಡ. ಉಳಿದ ಮೂರಕ್ಕೆ ಬೆಳಗ್ಗೆ ಸಂಜೆ ಥರ್ಮಾಮೀಟರ್ ಇಡಿ, 103 ಡಿಗ್ರಿ ದಾಟಿದ್ರೆ ಅವತ್ತೇ ಡಾಕ್ಟ್ರನ್ನ ಕರೆದು ರಕ್ತ, ಗಡ್ಡೆ ಎರಡರ ಸ್ಲೈಡೂ ಮಾಡಿಸಿ. ಥೈಲೇರಿಯಾಗೆ ಬುಪಾರ್ವಕ್ವೋನ್ ಇಂಜೆಕ್ಷನ್ ಇದೆ, ಶುರುವಲ್ಲೇ ಬಿದ್ರೆ ಚೆನ್ನಾಗಿ ಕೆಲಸ ಮಾಡುತ್ತೆ, ಉಸಿರು ಏದುಸಿರು ಆದ್ಮೇಲೆ ಕಷ್ಟ. ಆಮೇಲೆ ಹಸು ಮೈಗೆ ಔಷಧಿ ಹಚ್ಚಿ ಸುಮ್ನಾಗ್ಬೇಡಿ, ಈ ಉಣುಗು ಕೊಟ್ಟಿಗೆ ಗೋಡೆ ಬಿರುಕಲ್ಲೂ ಅಡಗಿರುತ್ತೆ, ರಾತ್ರಿ ಟಾರ್ಚ್ ಬಿಟ್ಟು ನೋಡಿ.