ಯೆನೂಫಾ ಒಪೆರಾ ನೋಡೋಕೆ ಹೋಗೋರು ಏನು ಗಮನಿಸ್ಬೇಕು?

ಪ್ರಾಗ್‌ನ ನ್ಯಾಷನಲ್ ಥಿಯೇಟರಲ್ಲಿ ಯೆನೂಫಾಗೆ ಟಿಕೆಟ್ ತಗೊಂಡಿದೀನಿ, ಝೆಕ್ ಭಾಷೆ ಒಂದಕ್ಷರ ಬರಲ್ಲ, ಅರ್ಥ ಆಗತ್ತಾ ಅಂತ ಕೇಳಿದೀರ. ಆಗತ್ತೆ, ಧೈರ್ಯವಾಗಿ ಹೋಗಿ. ಇಂಗ್ಲಿಷ್ ಸಬ್‌ಟೈಟಲ್ ಹಾಕ್ತಾರೆ, ಆದ್ರೂ ಕಥೆ ಮನೇಲೇ ಓದ್ಕೊಂಡು ಹೋಗಿ, ಕಣ್ಣು ಸ್ಟೇಜ್ ಮೇಲೇ ಇರ್ಲಿ.

ಕಥೆ ಇಷ್ಟೇ. ಝೆಕ್ ದೇಶದ ಪೂರ್ವಕ್ಕಿರೋ ಮೊರಾವಿಯಾ ಪ್ರದೇಶದ ಒಂದು ಹಳ್ಳಿ, ಅಲ್ಲೊಂದು ಹಿಟ್ಟಿನ ಗಿರಣಿ. ಯೆನೂಫಾ ಮದುವೆಗೆ ಮುಂಚೆನೇ ಶ್ಟೆವಾ ಅನ್ನೋ ಕುಡುಕನಿಂದ ಬಸುರಿ, ಅವಳ ಮೇಲೆ ಪ್ರಾಣ ಇಟ್ಕೊಂಡಿರೋ ಲಾತ್ಸಾ ಹೊಟ್ಟೆಕಿಚ್ಚಿಗೆ ಅವಳ ಕೆನ್ನೆಗೆ ಚಾಕು ಎಳೀತಾನೆ, ಕೆನ್ನೆ ಕೆಟ್ಟಿತು ಅಂತ ಶ್ಟೆವಾ ಕೈಬಿಡ್ತಾನೆ. ಮಲತಾಯಿ ಕೊಸ್ಟೆಲ್ನಿಚ್ಕಾ ಊರಿನ ಚರ್ಚ್ ನೋಡ್ಕೊಳ್ಳೋ ಮರ್ಯಾದಸ್ಥ ಹೆಂಗಸು, ಮಗಳ ಬಾಳು ಹಾಳಾಗತ್ತೆ, ನಾಲ್ಕು ಜನ ಏನಂದಾರು ಅನ್ನೋ ಭಯಕ್ಕೆ ಎಂಟು ದಿನದ ಕೂಸನ್ನ ತಗೊಂಡೋಗಿ ಹೊಳೆಯ ಮಂಜುಗಡ್ಡೆ ಕೆಳಗೆ ತಳ್ತಾಳೆ.

ನಾಟಕ ನಿಲ್ಲೋದು ಬೀಳೋದು ಈ ಮಲತಾಯಿ ಮೇಲೇನೇ. ನಾನು ಎರಡು ಪ್ರೊಡಕ್ಷನ್ ನೋಡಿದೀನಿ. ಒಂದ್ರಲ್ಲಿ ಅವಳನ್ನ ಬರೀ ರಾಕ್ಷಸಿ ಮಾಡಿ ಕಿರುಚಿಸಿದ್ರು, ನಂಗೆ ಏನೂ ಅನ್ನಿಸ್ಲಿಲ್ಲ. ಇನ್ನೊಂದ್ರಲ್ಲಿ ಹೊರಗೆ ಹೊರಡೋ ಮುಂಚೆ ಕೂಸಿಗೆ ಚಳಿ ತಾಗ್ಬಾರ್ದು ಅಂತ ಶಾಲನ್ನ ಕುತ್ತಿಗೆ ಹತ್ರ ಇನ್ನೊಂದ್ಸಲ ಸರಿಯಾಗಿ ಸುತ್ತಿದ್ಲು, ಕೊಲ್ಲೋಕೆ ಅಂತಲೇ ಹೊರಟಿರೋ ಕೈ ಅದು, ನನಗೆ ಉಸಿರೇ ಕಟ್ಟಿಹೋಯ್ತು. ಎರಡನೇ ಅಂಕದ ಕೊನೇಲಿ ಗಾಳಿಗೆ ಕಿಟಕಿ ಧಡ್ ಅಂತ ತೆಗ್ದುಕೊಂಡಾಗ ಸಾವೇ ಇಣುಕಿ ನೋಡ್ತಿದೆ ಅಂತ ಅವಳು ಚೀರ್ತಾಳೆ, ಅಲ್ಲಿ ಅವಳ ಮುಖ ಬಿಟ್ಟು ಬೇರೇನೂ ನೋಡ್ಬೇಡಿ.

ಈ ಒಪೆರಾಗೆ ಸಂಗೀತ ಬರೆದ ಯಾನಾಚೆಕ್ ಬೀದೀಲಿ, ಸಂತೇಲಿ ಜನ ಮಾತಾಡೋ ಏರಿಳಿತಾನ ಸ್ವರದಲ್ಲಿ ಬರ್ಕೊಳ್ತಿದ್ದ ಮನುಷ್ಯ, ಅದಕ್ಕೇ ಇಲ್ಲಿ ಹಾಡೋದು ಮಾತಾಡಿದ ಹಾಗೇ ಕೇಳ್ಸತ್ತೆ. ಶುರುವಲ್ಲೇ ಟಕ ಟಕ ಅಂತ ಒಂದೇ ಸ್ವರ ಬರತ್ತಲ್ಲ, ಅದು ಕ್ಸೈಲೋಫೋನು, ಮರದ ಪಟ್ಟಿಗಳನ್ನ ಬಡಿದು ನುಡಿಸೋ ವಾದ್ಯ, ಅದೇ ಗಿರಣಿ ಚಕ್ರ. ಇದನ್ನ ಮುಗಿಸೋ ಹೊತ್ತಿಗೆ ಅವನ ಮಗಳು ಓಲ್ಗಾ ಸಾಯ್ತಾ ಇದ್ಲು, 1903ರಲ್ಲಿ ಇಪ್ಪತ್ತು ವರ್ಷಕ್ಕೇ ಹೋಗ್ಬಿಟ್ಲು, ಒಪೆರಾನ ಅವಳ ನೆನಪಿಗೇ ಅರ್ಪಿಸಿದಾನೆ. ಕೂಸು ಸತ್ತ ಸುದ್ದಿ ಕೇಳಿ ಯೆನೂಫಾ ಅಬ್ಬರಿಸಿ ಅಳಲ್ಲ, ತೀರಾ ಮೆಲ್ಲಗೆ ಹಾಡ್ತಾಳೆ, ಆ ಜಾಗ ಬಂದಾಗ ನನಗೆ ಯಾವಾಗ್ಲೂ ಓಲ್ಗಾ ನೆನಪಾಗ್ತಾಳೆ.

ಇನ್ನೊಂದು ವಿಷ್ಯ, ನೀವು ಹೋಗ್ತಿರೋ ಈ ಥಿಯೇಟರೇ ಇದನ್ನ ವರ್ಷಗಟ್ಲೆ ಬೇಡ ಅಂದಿತ್ತು. ಮೊದಲ ಪ್ರದರ್ಶನ ಮೊರಾವಿಯಾದ ಬ್ರ್ನೊ ಊರಲ್ಲಿ 1904ರಲ್ಲೇ ಆಯ್ತು, ಪ್ರಾಗ್‌ನಲ್ಲಿ ಒಪೆರಾ ಮುಖ್ಯಸ್ಥ ಆಗಿದ್ದ ಕೊವಾರ್ಝೊವಿತ್ಸ್ ಒಪ್ಲಿಲ್ಲ, ಅವನ ಒಪೆರಾ ಒಂದನ್ನ ಯಾನಾಚೆಕ್ ಹಿಂದೆ ವಿಮರ್ಶೇಲಿ ಚೆನ್ನಾಗಿ ಝಾಡಿಸಿದ್ದ. ಕೊನೆಗೆ 1916ರಲ್ಲಿ, ಅದೂ ಕೊವಾರ್ಝೊವಿತ್ಸ್ ತಾನೇ ವಾದ್ಯದ ಭಾಗಗಳನ್ನ ತಿದ್ದಿ ಕತ್ತರಿಸಿದ ಮೇಲೆ, ಇಲ್ಲಿ ಸ್ಟೇಜ್ ಹತ್ತಿಸಿದ್ರು. ಅಷ್ಟೊತ್ತಿಗೆ ಯಾನಾಚೆಕ್‌ಗೆ 61 ವರ್ಷ. ಆ ತಿದ್ದಿದ ರೂಪವೇ ಎಷ್ಟೋ ದಶಕ ನಡೀತು, ಮೂಲದ ಧ್ವನಿ ಹೊರಗೆ ಬರೋಕೆ ಚಾರ್ಲ್ಸ್ ಮ್ಯಾಕೆರಾಸ್ ಅಂಥ, ವಾದ್ಯವೃಂದ ನಡೆಸೋ ಕಂಡಕ್ಟರ್‌ಗಳು ತುಂಬಾ ಒದ್ದಾಡಿದಾರೆ.

ತಗೊಂಡಿರೋ ಸೀಟ್ ಬದಲಾಯಿಸೋಕೆ ಆದ್ರೆ ಮೇಲ್ಗಡೆ ಬಾಲ್ಕನೀಲಿ ಹಿಡೀರಿ, ಕೆಳಗೆ ವಾದ್ಯದೋರು ನುಡಿಸೋದೂ ಕಾಣ್ಸತ್ತೆ.